ಹಳೆಯ ಗೋಡೆಗೆ ಸುಣ್ಣದ ಗಾರೆ: ಮೈಸೂರಿನ ಒಂದು ದುರಸ್ತಿ ತಂಡದ ಕೆಲಸ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಮನೆಗಳು ಇನ್ನೂ ಉಳಿದಿದ್ದರೂ, ಅವನ್ನು ಅದೇ ಗಾರೆಯಿಂದ ದುರಸ್ತಿ ಮಾಡಿಕೊಡುವವರು ಸಿಗುವುದು ಕಷ್ಟ. ನಮ್ಮ ಮನೆಯ ಕೆಲಸ ಮಾಡಿದ ಸಣ್ಣ ತಂಡದ ಬಗ್ಗೆ ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಮುಂಭಾಗದ ಗೋಡೆಗೆ ಹಿಂದೆಂದೋ ಸಿಮೆಂಟ್ ಬಳಿಯಲಾಗಿತ್ತು. ನೆಲದಿಂದ ಏರಿದ ತೇವವು ಸಿಮೆಂಟನ್ನು ದಾಟಿ ಆರಲಾರದೆ ಗೋಡೆಯೊಳಗೇ ಮೇಲೇರುತ್ತಿತ್ತು. ಅದು ಹೊತ್ತು ತಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತಿತ್ತು. ಬೇರೆ ಗುತ್ತಿಗೆದಾರರು ಅದರ ಮೇಲೆ ಇನ್ನೊಂದು ಜಲನಿರೋಧಕ ಲೇಪನ ಹಚ್ಚುವ ಸಲಹೆ ಕೊಟ್ಟಿದ್ದರು. ಈ ತಂಡದ ಮೇಸ್ತ್ರಿಯವರು ಮಾತ್ರ ಸೂರಿನ ನೀರು ಎಲ್ಲಿ ಬೀಳುತ್ತದೆ, ಅಂಗಳದ ಮಣ್ಣು ಗೋಡೆಯ ಬುಡದಲ್ಲಿ ಎಷ್ಟು ಎತ್ತರಕ್ಕೆ ಬಂದಿದೆ ಎಂಬುದನ್ನು ಮೊದಲು ನೋಡಿದರು. ಮಣ್ಣು ತೆಗೆಸಿ, ನೀರು ಹರಿದುಹೋಗಲು ದಾರಿ ಮಾಡಿಸಿದ ನಂತರವೇ ಅವರು ಉಳಿ ಹಿಡಿದದ್ದು. ಅವರ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಈ ವಿವೇಚನೆ.

ಸಿಮೆಂಟನ್ನು ಯಂತ್ರವಿಲ್ಲದೆ ಕೈಯಿಂದಲೇ ಬಿಡಿಸಿ, ಸಂದುಗಳನ್ನು ಕೆರೆದು, ಗೋಡೆಯನ್ನು ಆರಲು ಬಿಟ್ಟರು. ಅರಳಿಸಿ ನೀರಿನಲ್ಲಿ ನೆನೆಹಾಕಿದ್ದ ಸುಣ್ಣ, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಗಾರೆ ಅರೆದರು. ಹದಕ್ಕಾಗಿ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಬಳಸಿದರು. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಿನ ಗುಣಕ್ಕೆ ಮರಳುವುದರಿಂದ, ಒಂದು ಪದರ ಗಟ್ಟಿಯಾಗುವ ಮೊದಲೇ ಇನ್ನೊಂದನ್ನು ಬಳಿಯಬಾರದು, ಬಿಸಿಲಿಗೆ ಬೇಗ ಒಣಗಲೂ ಬಿಡಬಾರದು. ಒದ್ದೆ ಗೋಣಿತಾಟುಗಳನ್ನು ಇಳಿಬಿಟ್ಟು, ನೀರು ಚಿಮುಕಿಸುತ್ತ ಅವರು ತೋರಿದ ತಾಳ್ಮೆ ಅಪರೂಪದ್ದು.

ಬಾಗಿಲ ಕಮಾನಿನ ಮೇಲಿದ್ದ ಗಾರೆಯ ಬಳ್ಳಿ ಮತ್ತು ಹೂವುಗಳ ಅಲಂಕಾರದಲ್ಲಿ ಒಂದು ಬದಿ ಉದುರಿಹೋಗಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಎರಕ ಹೊಯ್ದು ಅಂಟಿಸುವುದು ಸುಲಭವಾಗಿತ್ತು, ಏಕೆಂದರೆ ಅದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಅದು ಗಟ್ಟಿಯಾದಾಗ ಆಗುವ ಜಿಪ್ಸಂ ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಕರಗುವ ವಸ್ತು. ಮನೆಯೊಳಗಿನ ಛಾವಣಿಗೆ, ಅಚ್ಚುಗಳಿಗೆ ಅದು ಚೆನ್ನ, ಮಳೆ ಹೊಡೆಯುವ ಮುಂಭಾಗಕ್ಕೆ ಅಲ್ಲ. ಅವರು ಉಳಿದಿದ್ದ ಬದಿಯನ್ನು ಅಳೆದು, ನಯವಾದ ಸುಣ್ಣದ ಗಾರೆಯಲ್ಲಿ ಕೈಯಿಂದಲೇ ತಿದ್ದಿದರು. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೂ, ವಿಜಯನಗರ ಕಾಲದ ಗೋಪುರಗಳ ಗೊಂಬೆಗಳಲ್ಲೂ ಉಳಿದುಬಂದಿರುವುದು ಇದೇ ಬಗೆಯ ಗಾರೆ ಕೆಲಸ. ಅದನ್ನು ನೋಡಿ ಮೆಚ್ಚುವ ನಾವು, ನಮ್ಮ ಬೀದಿಯ ಕಮಾನುಗಳಲ್ಲಿರುವ ಅದೇ ಕಲೆಯನ್ನು ಸಿಮೆಂಟಿನಡಿ ಹೂತುಬಿಡುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಕೊರತೆಗಳೂ ಇವೆ. ಹೊಸ ಹೂವುಗಳ ಅಂಚು ಹಳೆಯವುಗಳಿಗಿಂತ ಚೂಪಾಗಿದ್ದು, ಜೋಡಣೆ ಹತ್ತಿರದಿಂದ ಗೊತ್ತಾಗುತ್ತದೆ. ಅಂದಾಜು ಪಟ್ಟಿಯನ್ನು ಬರಹದಲ್ಲಿ ಕೊಡದ ಕಾರಣ, ಮಣ್ಣು ಸಾಗಿಸುವ ಖರ್ಚು ಯಾರದು ಎಂಬ ಪ್ರಶ್ನೆ ಕೊನೆಯಲ್ಲಿ ಬಂತು; ಮಾತುಕತೆಯಲ್ಲಿ ಬಗೆಹರಿಯಿತಾದರೂ, ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಒಟ್ಟು ವೆಚ್ಚವೂ ಸಿಮೆಂಟ್ ಕೆಲಸಕ್ಕಿಂತ ಹೆಚ್ಚು.

ಬೇಗ ಗೃಹಪ್ರವೇಶ ಮಾಡಬೇಕೆನ್ನುವವರಿಗೆ ಈ ಸೇವೆ ಒಗ್ಗದು. ಹಳೆಯ ಗಾರೆ ಗೋಡೆಯ ಮನೆಯುಳ್ಳವರಿಗೆ ಮಾತ್ರ ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಮಳೆಗಾಲಕ್ಕೆ ಸಾಕಷ್ಟು ಮುಂಚೆಯೇ ಕೆಲಸ ಆರಂಭಿಸಿ, ಮುಗಿದ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಸದೆ ಸುಣ್ಣವನ್ನೇ ಹೊಡೆಸಿ. ಇಲ್ಲವಾದರೆ ತೇವ ಹೊರಹೋಗಲು ತೆರೆದ ದಾರಿ ಮತ್ತೆ ಮುಚ್ಚಿಹೋಗುತ್ತದೆ.