ಮಸೂರಕ್ಕೆ ಕನ್ನಡಕ, ವಿದ್ಯುತ್ ಮಂಡಲಕ್ಕೆ ಮೊಬೈಲು: ಹತ್ತನೇ ತರಗತಿಯ ಭೌತಶಾಸ್ತ್ರ ಅಭ್ಯಾಸ ಮಾಡುವುದು ಹೇಗೆ?

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕೆಲವರು ಸಂಜೆ ನಮ್ಮ ಮನೆಗೆ ಭೌತಶಾಸ್ತ್ರ ಕಲಿಯಲು ಬರುತ್ತಾರೆ. ಅವರ ಹೆತ್ತವರು ಸಿಕ್ಕಿದಾಗಲೆಲ್ಲ ಕೇಳುವುದು ಒಂದೇ ಮಾತು: “ಟೀಚರೇ, ಮನೆಯಲ್ಲಿ ಯಾವುದನ್ನು ಪ್ರಾಕ್ಟೀಸ್ ಮಾಡಿಸುವುದು?” ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಮೊಬೈಲಿನಲ್ಲಿ ಫೆಟ್ (PhET) ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆಯೇ ಮಾಡುವ ಪ್ರಯೋಗ, ಆಡಿಸುವುದು, ಮನೆಯ ಸಾಮಾನು ಹಿಡಿದು ಪ್ರಯೋಗ ಮಾಡುವುದು ಎಂಬ ಮೂರನ್ನೂ ಒಂದೇ ಪಾಠಗಳ ಮೇಲೆ ಮಾಡಿಸಿ ನೋಡಿದ್ದೇನೆ. ಎಲ್ಲ ಪಾಠಕ್ಕೂ ಒಂದೇ ದಾರಿ ಹಿಡಿದರೆ ಪ್ರಯೋಜನವಿಲ್ಲ ಎಂಬುದು ನನಗೆ ಖಚಿತವಾಗಿದೆ. ಕಣ್ಣಿಗೆ ಕಾಣುವ ವಿಷಯಕ್ಕೆ ಮನೆಯ ಸಾಮಾನು, ಕಾಣದ ವಿಷಯಕ್ಕೆ ಮೊಬೈಲು, ಇವೆರಡೂ ಆದ ಮೇಲೆ ಪ್ರಶ್ನೆಪತ್ರಿಕೆ.

ಮಸೂರದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮಕ್ಕಳು ಅತಿ ಹೆಚ್ಚು ತಡವರಿಸುವುದು ಇಲ್ಲೇ. 1/f = 1/v − 1/u ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ (f ಮಸೂರದ ಸಂಗಮದೂರ, u ಮಸೂರದಿಂದ ವಸ್ತುವಿಗೆ ಇರುವ ದೂರ, v ಪ್ರತಿಬಿಂಬಕ್ಕೆ ಇರುವ ದೂರ). ಆದರೆ ಎಲ್ಲಿ ಮೈನಸ್ ಹಾಕಬೇಕು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಇದಕ್ಕೆ ಬೇಕಾದ ಸಾಮಾನು ಅಜ್ಜನ ಓದುವ ಕನ್ನಡಕ, ಒಂದು ಮೋಂಬತ್ತಿ, ಬಿಳಿ ಗೋಡೆ, ಅಳತೆಯ ಟೇಪು. ಕನ್ನಡಕದ ಪವರ್ +2.5 ಎಂದಿದ್ದರೆ ಸಂಗಮದೂರ 1/2.5, ಅಂದರೆ 0.4 ಮೀಟರ್, 40 ಸೆಂಟಿಮೀಟರ್. ಎರಡು ಪವರಿನ ಬೈಫೋಕಲ್ ಆಗದು, ಓದಲಿಕ್ಕೆಂದೇ ಇರುವುದು ಬೇಕು. ತುಲಾ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋದ ಸಂಜೆ ಇದಕ್ಕೆ ಹೇಳಿ ಮಾಡಿಸಿದ ಹೊತ್ತು.

ಮೋಂಬತ್ತಿಯನ್ನು ಕನ್ನಡಕದಿಂದ 60 ಸೆಂಟಿಮೀಟರ್ ದೂರದಲ್ಲಿಟ್ಟು, ಎರಡನ್ನೂ ಒಟ್ಟಿಗೆ ಗೋಡೆಯ ಹತ್ತಿರ, ದೂರ ಸರಿಸುತ್ತಾ ಹೋದರೆ, ಗೋಡೆ ಕನ್ನಡಕದಿಂದ 120 ಸೆಂಟಿಮೀಟರಿನ ಆಸುಪಾಸಿಗೆ ಬಂದಾಗ ತಲೆಕೆಳಗಾದ ಜ್ವಾಲೆ ಸ್ಪಷ್ಟವಾಗಿ ಮೂಡುತ್ತದೆ. ಅದರ ಎತ್ತರ ನಿಜವಾದ ಜ್ವಾಲೆಯ ಎರಡರಷ್ಟು. ಈಗ ಲೆಕ್ಕಕ್ಕೆ ಕೂರಿಸಿ. ಮೋಂಬತ್ತಿ ಇರುವ ಬದಿಗೆ ಅಳೆದ ದೂರಕ್ಕೆ ಮೈನಸ್, ಆಚೆ ಬದಿಗೆ ಪ್ಲಸ್: u = −60, f = +40. 1/v = 1/40 − 1/60 = 1/120. ವರ್ಧನೆ, ಅಂದರೆ ಪ್ರತಿಬಿಂಬ ವಸ್ತುವಿನ ಎಷ್ಟರಷ್ಟು ಎಂಬುದು, v/u = −2. ಆ ಮೈನಸ್ ಎಂದರೆ ತಲೆಕೆಳಗು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ, ಗೋಡೆಯ ಮೇಲೇ ಇದೆ. ಬಳಿಕ ಮೋಂಬತ್ತಿಯನ್ನು 30 ಸೆಂಟಿಮೀಟರಿಗೆ ತನ್ನಿ. ಗೋಡೆಯನ್ನು ಎಷ್ಟು ಹುಡುಕಿದರೂ ಪ್ರತಿಬಿಂಬವಿಲ್ಲ. ಲೆಕ್ಕ ಹಾಕಿದರೆ v = −120 ಬರುತ್ತದೆ. ಕನ್ನಡಕದ ಆಚೆ ಬದಿಯಿಂದ ಇಣುಕಿದರೆ ಜ್ವಾಲೆ ನೆಟ್ಟಗೆ, ದೊಡ್ಡದಾಗಿ ಕಾಣುತ್ತದೆ. “ಓ, ಇದು ಮಿಥ್ಯ ಪ್ರತಿಬಿಂಬ!” ಎಂದು ಒಬ್ಬಳು ಹುಡುಗಿ ಕೂಗಿದ್ದು ನನಗೆ ಇನ್ನೂ ಖುಷಿ ಕೊಡುತ್ತದೆ. ಆಮೇಲೆ ಅವಳ ಚಿಹ್ನೆ ತಪ್ಪಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ. ಮಸೂರದ ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿದರೆ ಏನಾಗುತ್ತದೆ? “ಅರ್ಧ ಜ್ವಾಲೆ ಮಾತ್ರ ಕಾಣಬಹುದು ಟೀಚರೇ” ಎನ್ನುವವರೇ ಹೆಚ್ಚು. ಮುಚ್ಚಿ ನೋಡಿದರೆ ಜ್ವಾಲೆ ಇಡಿಯಾಗಿಯೇ ಇರುತ್ತದೆ, ಬೆಳಕು ಮಾತ್ರ ಕಮ್ಮಿ. ಮಸೂರದ ಪ್ರತಿಯೊಂದು ಭಾಗವೂ ಇಡೀ ಪ್ರತಿಬಿಂಬವನ್ನು ಕೊಡುತ್ತದೆ ಎಂಬುದನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ನಾಟುವುದಿಲ್ಲ, ಆ ರಟ್ಟು ಸರಿಸಿದ ಕ್ಷಣಕ್ಕೆ ನಾಟುತ್ತದೆ.

ಇದೇ ಪಾಠವನ್ನು ಫೆಟ್‌ನಲ್ಲಿ ಮಾಡಿಸಿದರೆ ಕಿರಣಗಳ ದಾರಿ ಚೆನ್ನಾಗಿ ಕಾಣುತ್ತದೆ, ಕಿರಣಚಿತ್ರ ಬಿಡಿಸಲು ಅದರಿಂದ ಸಹಾಯವೂ ಉಂಟು. ಆದರೆ ಅಲ್ಲಿ ಪ್ರತಿಬಿಂಬವನ್ನು ಹುಡುಕುವ ಕೆಲಸವಿಲ್ಲ. ಬೆರಳಲ್ಲಿ ಎಳೆದ ಕೂಡಲೇ ಅದು ಸರಿಯಾದ ಜಾಗದಲ್ಲಿ ಬಂದು ನಿಂತಿರುತ್ತದೆ. ಗೋಡೆಯ ಮೇಲಾದರೋ ಆಚೀಚೆ ಕೆಲವು ಸೆಂಟಿಮೀಟರ್ ಸರಿಸಿದರೂ ಸ್ಪಷ್ಟವಾಗಿಯೇ ಕಾಣುವುದರಿಂದ, ಅಳತೆ ಎಂದರೆ ಏನು, ಸರಾಸರಿ ಏಕೆ ತೆಗೆಯಬೇಕು ಎಂಬುದೂ ಜೊತೆಗೇ ತಿಳಿಯುತ್ತದೆ. ಬೆಳಕಿನ ಪಾಠದಲ್ಲಿ ನನ್ನ ಮತ ಕನ್ನಡಕಕ್ಕೇ.

ವಿದ್ಯುತ್ತಿಗೆ ಬಂದರೆ ಮಾತು ತಿರುಗುತ್ತದೆ. ಟಾರ್ಚಿನ ಬಲ್ಬು, ಸೆಲ್ಲು, ವಯರು ಇಟ್ಟುಕೊಂಡು ಸರಣಿ (ಒಂದರ ಹಿಂದೆ ಒಂದು) ಮತ್ತು ಸಮಾಂತರ (ಪ್ರತಿಯೊಂದೂ ನೇರ ಬ್ಯಾಟರಿಗೆ) ಜೋಡಣೆ ಮಾಡಿಸಿದೆ. ವಯರಿನ ತುದಿ ಸಡಿಲವಾದರೆ ಬಲ್ಬು ಉರಿಯುವುದಿಲ್ಲ, ಸೆಲ್ಲು ಹಳತಾದರೆ ಮಂಕು, ಒಂದೇ ಗುರುತಿನ ಎರಡು ಬಲ್ಬುಗಳೂ ಒಂದೇ ಥರ ಉರಿಯುವುದಿಲ್ಲ. ಸರಣಿಯಲ್ಲಿ ಎರಡನೇ ಬಲ್ಬು ಸ್ವಲ್ಪ ಮಂಕಾಗಿ ಕಂಡದ್ದೇ ತಡ, “ಮೊದಲನೇ ಬಲ್ಬು ಕರೆಂಟ್ ತಿಂದುಬಿಟ್ಟಿತು” ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಫೆಟ್‌ನ ಮಂಡಲ ಜೋಡಣೆಯ ಸಿಮ್ಯುಲೇಶನ್ ಈ ಕಲ್ಪನೆಯನ್ನು ಬುಡಸಮೇತ ಕೀಳುತ್ತದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಬಳಕೆ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ರೇಂಜ್ ಸಿಗಲು ಗುಡ್ಡ ಹತ್ತಬೇಕಾದ ನಮ್ಮ ಕಡೆಯ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ. 9 ವೋಲ್ಟಿನ ಬ್ಯಾಟರಿಗೆ 10 ಓಮ್ ಮತ್ತು 20 ಓಮ್‌ನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ. ಇಲೆಕ್ಟ್ರಾನಿನ ಚುಕ್ಕೆಗಳು ಬಲ್ಬಿನ ಮೊದಲೂ ಆಮೇಲೂ ಒಂದೇ ವೇಗದಲ್ಲಿ ಸಾಗುತ್ತವೆ. ಕರೆಂಟ್ ಅಳೆಯುವ ಅಮ್ಮೀಟರನ್ನು ಎಲ್ಲಿ ಇಟ್ಟರೂ 0.3 ಆಂಪಿಯರ್. ವೋಲ್ಟೇಜು ಮಾತ್ರ 3 ಮತ್ತು 6 ಎಂದು ಹಂಚಿಹೋಗುತ್ತದೆ. ಹೆಚ್ಚು ರೋಧದ ಬಲ್ಬು 1.8 ವ್ಯಾಟ್ ಪಡೆದು ಪ್ರಕಾಶವಾಗಿ ಉರಿಯುತ್ತದೆ, ಇನ್ನೊಂದಕ್ಕೆ 0.9 ಮಾತ್ರ. ಅದೇ ಬಲ್ಬುಗಳನ್ನು ಸಮಾಂತರದಲ್ಲಿ ಜೋಡಿಸಿದರೆ ಎಲ್ಲ ಅದಲುಬದಲು: 10 ಓಮ್‌ನದಕ್ಕೆ 8.1 ವ್ಯಾಟ್, 20 ಓಮ್‌ನದಕ್ಕೆ 4.05. ಇಷ್ಟನ್ನು ಕಣ್ಣಾರೆ ಕಂಡ ಮಗುವಿಗೆ “40 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶ?” ಎಂಬ ಪ್ರಶ್ನೆ ಕಷ್ಟವೇ ಅಲ್ಲ: 40 ವ್ಯಾಟಿನದಕ್ಕೆ ರೋಧ ಹೆಚ್ಚು, ಹಾಗಾಗಿ ಅದೇ. ದಯವಿಟ್ಟು ಇದನ್ನು ಮನೆಯ 230 ವೋಲ್ಟಿನಲ್ಲಿ ಮಾಡಿ ನೋಡಲು ಮಕ್ಕಳನ್ನು ಬಿಡಬೇಡಿ.

ವಿದ್ಯುತ್ತಿನಲ್ಲಿ ಮನೆಯೇ ಮೇಲಾಗುವ ಒಂದು ಜಾಗವಿದೆ, ಯೂನಿಟ್ಟಿನ ಲೆಕ್ಕ (1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ತೋಟದ ಒಂದೂವರೆ ಎಚ್‌ಪಿ ಪಂಪು ಎಂದರೆ 1.5 × 746 = 1119 ವ್ಯಾಟ್. ಒಂದು ಗಂಟೆ ಅಡಿಕೆಗೆ ನೀರು ಬಿಟ್ಟರೆ ಸುಮಾರು 1.1 ಯೂನಿಟ್ ಆಗಬೇಕು. ಬಿಡುವ ಮೊದಲು, ನಿಲ್ಲಿಸಿದ ಮೇಲೆ ಮೀಟರ್ ಓದಿಸಿ. ಪಂಪು ಪೂರ್ತಿ ಹೊರೆಯಲ್ಲಿ ಓಡಿದ್ದರೆ ಲೆಕ್ಕಕ್ಕಿಂತ ಜಾಸ್ತಿಯೇ ಇರುತ್ತದೆ, ಏಕೆಂದರೆ ಎಚ್‌ಪಿ ಎಂಬುದು ಮೋಟಾರು ಹೊರಗೆ ಕೊಡುವ ಸಾಮರ್ಥ್ಯ, ಮೀಟರ್ ಅಳೆಯುವುದು ಒಳಗೆ ಹೋದದ್ದನ್ನು. ದಕ್ಷತೆ ಎಂದರೇನು ಎಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಪ್ರಶ್ನೆಪತ್ರಿಕೆ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಭೌತಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆ: 40 ಅಂಕ, ಒಂದೂವರೆ ಗಂಟೆ, ಮೊದಲಿಗೆ 15 ನಿಮಿಷ ಕೂಲ್ ಆಫ್. ಬರೆಯುವ ವೇಗ, ಏಕಮಾನ ಬಿಡದಿರುವುದು, ಕಿರಣಕ್ಕೆ ಬಾಣದ ಗುರುತು ಹಾಕುವುದು, ಇವನ್ನು ಬೇರೆ ಯಾವ ಅಭ್ಯಾಸವೂ ಕಲಿಸುವುದಿಲ್ಲ. ಪೆನ್ನು ಮುಟ್ಟದೆ 15 ನಿಮಿಷ ಓದಿ, ಯಾವುದನ್ನು ಬಿಡಿಸುವುದೆಂದು ಮನಸ್ಸಿನಲ್ಲೇ ಆರಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು. ಆದರೆ ಜೂನಿನಲ್ಲೇ ಇದನ್ನು ಹಿಡಿದವರು ಪ್ರಶ್ನೆಯ ಚಹರೆಯನ್ನೇ ಕಂಠಪಾಠ ಮಾಡುತ್ತಾರೆ. ಅದೇ ಪ್ರಶ್ನೆಯನ್ನು ತಿರುಗಿಸಿ, v ಕೊಟ್ಟು u ಕೇಳಿದರೆ ಕೈ ನಿಂತುಬಿಡುತ್ತದೆ. ಹಾಗಾಗಿ ನಾನು ಓಣಂ ರಜೆ ಕಳೆದ ಮೇಲೆಯೇ ಪತ್ರಿಕೆ ಕೊಡುವುದು. ಕೊಟ್ಟಾಗಲೂ ಪ್ರತಿ ಲೆಕ್ಕವನ್ನು ಒಮ್ಮೆ ತಿರುಗಿಸಿ ಬರೆಸುತ್ತೇನೆ.

ಮಂಗಳೂರಿನಿಂದ ತರುವ ಗೈಡುಗಳ ಬಗ್ಗೆ ಒಂದೇ ಮಾತು. ಅವು ಕರ್ನಾಟಕದ ಪರೀಕ್ಷೆಗೆಂದು ಮಾಡಿದವು, ಅಲ್ಲಿ ವಿಜ್ಞಾನವೆಲ್ಲ ಸೇರಿ 80 ಅಂಕದ ಒಂದೇ ಪತ್ರಿಕೆ. ಲೆಕ್ಕಗಳನ್ನು ಉತ್ತರ ಮುಚ್ಚಿಟ್ಟು ಬಿಡಿಸಬಹುದು, ಅಷ್ಟಕ್ಕೆ ಸಾಕು.

ವಿದ್ಯುತ್ಕಾಂತೀಯ ಪ್ರೇರಣೆಗೆ, ಅಂದರೆ ಆಯಸ್ಕಾಂತ ಆಡಿಸಿ ವಿದ್ಯುತ್ತು ಹುಟ್ಟಿಸುವ ಪಾಠಕ್ಕೆ, ಮಾತ್ರ ಈ ಮೂರರಲ್ಲಿ ಯಾವುದೂ ಪೂರ್ತಿ ಸಾಲದು. ಮನೆಯಲ್ಲಿ ಸುರುಳಿ ಸುತ್ತಿ ಆಯಸ್ಕಾಂತ ಆಡಿಸಿದರೆ ಹುಟ್ಟುವ ವಿದ್ಯುತ್ತು ಬಲ್ಬು ಉರಿಸುವಷ್ಟಿರುವುದಿಲ್ಲ. ಫೆಟ್‌ನಲ್ಲಿ ಬಲ್ಬು ಉರಿಯುತ್ತದೆ ನಿಜ, ಆದರೆ ಆಯಸ್ಕಾಂತವನ್ನು ಆಡಿಸಿದ ಕೈಯ ಅನುಭವ ಅಲ್ಲಿಲ್ಲ. ಇದಕ್ಕೆ ಶಾಲೆಯ ಲ್ಯಾಬಿನ ಗ್ಯಾಲ್ವನೋಮೀಟರೇ (ಸಣ್ಣ ಕರೆಂಟನ್ನೂ ಮುಳ್ಳಿನಿಂದ ತೋರಿಸುವ ಉಪಕರಣ) ಬೇಕು. ಆಯಸ್ಕಾಂತ ಒಳಗೆ ಹೋಗುವಾಗ ಮುಳ್ಳು ಒಂದು ಕಡೆಗೆ, ಹೊರಗೆ ಬರುವಾಗ ಇನ್ನೊಂದು ಕಡೆಗೆ, ಒಳಗೆ ಸುಮ್ಮನೆ ಇಟ್ಟರೆ ಸೊನ್ನೆಯಲ್ಲೇ. ಆಯಸ್ಕಾಂತವನ್ನು ಹಿಡಿದಿಟ್ಟು ಸುರುಳಿಯನ್ನೇ ಆಡಿಸಿ ನೋಡಲೂ ಹೇಳಿ. ನಿಮ್ಮ ಮಕ್ಕಳ ಮಾಷನ್ನೋ ಟೀಚರನ್ನೋ ಕೇಳಿ, ಒಂದು ಶನಿವಾರ ಅರ್ಧ ಗಂಟೆ ಅದನ್ನು ಮಕ್ಕಳ ಕೈಗೇ ಕೊಡಿಸಿ.