ದಶಮಾಂಶ ಕಳೆಯಲು 121 ತುಣುಕುಗಳ ಪೆಟ್ಟಿಗೆ: ಎಂಟು ತಿಂಗಳ ಬಳಕೆಯ ನಂತರ

ಕಲಿಕೆಯಲ್ಲಿ ತೊಡಕಿರುವ ನಾಲ್ವರು ಮಕ್ಕಳಿಗೆ ನಾನು ಸಂಜೆಯ ಹೊತ್ತು ಮನೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಇಬ್ಬರ ಬಳಿ ಡಿಸ್‌ಕ್ಯಾಲ್ಕುಲಿಯಾ (ಸಂಖ್ಯೆ, ಲೆಕ್ಕಗಳನ್ನು ಗ್ರಹಿಸುವಲ್ಲಿನ ತೊಡಕು) ಎಂದು ಬರೆದ ಪ್ರಮಾಣಪತ್ರವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ತೊಂದರೆಯನ್ನು ಹೆಸರಿಸಿಯೇ ಗುರುತಿಸಿದೆ. ಉಳಿದಿಬ್ಬರಿಗೆ ‘ಲೆಕ್ಕದಲ್ಲಿ ದಡ್ಡ’ ಎಂಬ ಬಿರುದಿನ ಹೊರತು ಬೇರೆ ಯಾವ ಪತ್ರವೂ ಸಿಕ್ಕಿಲ್ಲ. ಇವರಿಗಾಗಿ ಎಂಟು ತಿಂಗಳ ಹಿಂದೆ ಆನ್‌ಲೈನಿನಲ್ಲಿ ಸುಮಾರು ಒಂಬೈನೂರು ರೂಪಾಯಿ ಕೊಟ್ಟು ‘ಬೇಸ್ ಟೆನ್ ಬ್ಲಾಕ್ಸ್’, ಅಂದರೆ ಹತ್ತು ಹತ್ತಾಗಿ ಸೇರಿ ದೊಡ್ಡದಾಗುವ ಲೆಕ್ಕದ ತುಣುಕುಗಳ ಪೆಟ್ಟಿಗೆಯನ್ನು ತರಿಸಿದೆ. ತಯಾರಕರು ಯಾರೇ ಆಗಲಿ, ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಪೆಟ್ಟಿಗೆಯ ಹೂರಣ ಒಂದೇ: ಒಂದು ದೊಡ್ಡ ಘನ, ಹತ್ತು ಹಲಗೆ, ಹತ್ತು ಕಡ್ಡಿ, ನೂರು ಬಿಡಿ ಘನ, ಒಟ್ಟು 121 ತುಣುಕುಗಳು. ಆದ್ದರಿಂದ ಕಂಪನಿಯ ಹೆಸರನ್ನು ಬಿಟ್ಟು ವಸ್ತುವಿನ ಬಗೆಗಷ್ಟೇ ಬರೆಯುತ್ತಿದ್ದೇನೆ.

ನನಗೆ ಈ ಪೆಟ್ಟಿಗೆ ಬೇಕಾದದ್ದು ಒಂದೇ ಒಂದು ಕೆಲಸಕ್ಕೆ, ದಶಮಾಂಶ ಸಂಖ್ಯೆಗಳನ್ನು ಕಳೆಯುವುದನ್ನು ಕಲಿಸಲು. ಐದರಿಂದ 2.37 ಕಳೆ ಎಂದರೆ ನಾಲ್ವರಲ್ಲಿ ಮೂವರು 3.37 ಎಂದು ಬರೆಯುತ್ತಿದ್ದರು. ಐದರಲ್ಲಿ ಎರಡು ಹೋದರೆ ಮೂರು, 37ರ ಮೇಲೆ ಏನೂ ಇಲ್ಲದ್ದರಿಂದ ಅದು ಹಾಗೆಯೇ ಕೆಳಗಿಳಿಯುತ್ತದೆ ಎಂಬುದು ಅವರ ತರ್ಕ. 6.2ರಿಂದ 1.45 ಕಳೆ ಎಂದರೆ 5.25 ಬರುತ್ತಿತ್ತು, ಎರಡರಿಂದ ನಾಲ್ಕನ್ನು ಕಳೆಯಲಾಗದು ಎಂದು ನಾಲ್ಕರಿಂದಲೇ ಎರಡನ್ನು ಕಳೆದು, ಕೊನೆಯ ಐದನ್ನು ಇಳಿಸಿಬಿಡುತ್ತಿದ್ದರು. ಈ ತಪ್ಪುಗಳನ್ನು ಅಜಾಗರೂಕತೆ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವವರಿಗೆ ಅವುಗಳ ಹಿಂದಿರುವ ಶಿಸ್ತು ಕಾಣುವುದಿಲ್ಲ. ಮಗು ತನಗೆ ತಿಳಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಖಾಲಿ ಇರುವ ಜಾಗಕ್ಕೆ ಪಕ್ಕದ ಮನೆಯಿಂದ ಏನನ್ನೋ ಒಡೆದು ತರಬಹುದು ಎಂಬುದು ಮಾತ್ರ ಅದಕ್ಕೆ ಹೊಳೆದಿಲ್ಲ.

ಆ ಒಡೆಯುವಿಕೆಯನ್ನು ತೋರಿಸುವುದರಲ್ಲಿ ಈ ಪೆಟ್ಟಿಗೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹಲಗೆಯನ್ನು ಒಂದು ಎಂದು ಇಟ್ಟುಕೊಂಡರೆ ಕಡ್ಡಿ ಅದರ ಹತ್ತನೇ ಪಾಲು, ಸಣ್ಣ ಘನ ನೂರನೇ ಪಾಲು. ಐದು ಹಲಗೆಗಳನ್ನು ಮೇಜಿನ ಮೇಲಿಟ್ಟು ‘ಇದರಲ್ಲಿ ಏಳು ಸಣ್ಣ ತುಂಡು ಕೊಡು’ ಎಂದು ಕೇಳಿದಾಗ ಮಗು ತಬ್ಬಿಬ್ಬಾಗಿ ಮುಖ ನೋಡುತ್ತದೆ. ಈ ತಬ್ಬಿಬ್ಬೇ ಪಾಠದ ಆರಂಭ. ಒಂದು ಹಲಗೆಯನ್ನು ಪೆಟ್ಟಿಗೆಗೆ ಹಿಂತಿರುಗಿಸಿ ಹತ್ತು ಕಡ್ಡಿ ಪಡೆಯಬೇಕು, ಆ ಹತ್ತರಲ್ಲಿ ಒಂದನ್ನು ಹಿಂತಿರುಗಿಸಿ ಹತ್ತು ಸಣ್ಣ ತುಂಡು ಪಡೆಯಬೇಕು. ಈಗ ಮೇಜಿನ ಮೇಲೆ ನಾಲ್ಕು ಹಲಗೆ, ಒಂಬತ್ತು ಕಡ್ಡಿ, ಹತ್ತು ತುಂಡುಗಳಿವೆ. ಕಾಗದದ ಮೇಲೆ ಐದನ್ನು 5.00 ಎಂದು ಬರೆದು ಕಳೆಯುವಾಗ ಸೊನ್ನೆಯೊಂದು ಒಂಬತ್ತಾಗುವುದು, ಅದರ ಪಕ್ಕದ್ದು ಹತ್ತಾಗುವುದು ಎಷ್ಟೋ ಮಕ್ಕಳಿಗೆ ಮಾಟಮಂತ್ರದಂತೆ ತೋರುತ್ತದೆ. ಇಲ್ಲಿ ಅದನ್ನು ಮಗುವಿನ ಕೈಯೇ ಮಾಡಿರುತ್ತದೆ. ಎರಡು ಹಲಗೆ, ಮೂರು ಕಡ್ಡಿ, ಏಳು ತುಂಡು ತೆಗೆದರೆ ಉಳಿಯುವುದು 2.63. ಇಂತಹ ಘನಗಳನ್ನು ತರಗತಿಗಳಲ್ಲಿ ಜನಪ್ರಿಯಗೊಳಿಸಿದ ಹಂಗೇರಿ ಮೂಲದ ಗಣಿತಜ್ಞ ಜೋಲ್ಟಾನ್ ಡೀನೆಸ್ ಹತ್ತರ ಗುಂಪುಗಳಲ್ಲದೆ ಬೇರೆ ಸಂಖ್ಯೆಗಳ ಗುಂಪುಗಳಾಗಿ ಸೇರುವ ಘನಗಳನ್ನೂ ಬಳಸಿದ್ದರು. ನಮ್ಮ ಮಕ್ಕಳಿಗೆ ಸದ್ಯಕ್ಕೆ ಹತ್ತೇ ಸಾಕು.

ಕೊರತೆ ಎದುರಾದದ್ದು ಮೂರನೆಯ ವಾರದಲ್ಲಿ. 4.25ರಿಂದ 1.68 ಕಳೆಯಲು ಕೂತೆವು. ಒಂದು ಕಡ್ಡಿಯನ್ನು ಒಡೆದ ಮೇಲೆ ಒಂದು ಕಡ್ಡಿ ಉಳಿಯಿತು. ಹಲಗೆಯನ್ನು ಒಡೆದಾಗ ಅದಕ್ಕೆ ಹತ್ತು ಸೇರಿ ಹನ್ನೊಂದಾಗಬೇಕು. ಪೆಟ್ಟಿಗೆಯಲ್ಲಿರುವುದೇ ಹತ್ತು. ಬದಲಾವಣೆಯ ನಡುವೆ ‘ಇಲ್ಲೊಂದು ಕಡ್ಡಿ ಇದೆ ಅಂದುಕೋ’ ಎಂದು ಈ ಮಕ್ಕಳಿಗೆ ಹೇಳುವುದೆಂದರೆ ಅಲ್ಲಿಯವರೆಗೆ ಕಟ್ಟಿದ್ದನ್ನೆಲ್ಲ ಕೆಡವಿದಂತೆ. ಲೆಕ್ಕ ಹಾಕಿ ನೋಡಿದರೆ, ಇಂತಹ ಯಾವುದೇ ಲೆಕ್ಕಕ್ಕೆ ಹೆಚ್ಚೆಂದರೆ ಹದಿನೆಂಟು ಕಡ್ಡಿಗಳು ಬೇಕಾಗುತ್ತವೆ. ನೂರು ಬಿಡಿಗಳಲ್ಲಿ ಎಂಬತ್ತಕ್ಕೂ ಹೆಚ್ಚು ಸುಮ್ಮನೆ ಕೂತಿರುವಾಗ ಎಂಟು ಕಡ್ಡಿ ಹೆಚ್ಚಿಗೆ ಇಡಲು ತಯಾರಕರಿಗೆ ಏನು ಕಷ್ಟವೋ ತಿಳಿಯದು. ನಾನು ರಟ್ಟನ್ನು ಕತ್ತರಿಸಿ ಅದೇ ನೀಲಿ ಬಣ್ಣ ಬಳಿದು ಕಡ್ಡಿಗಳನ್ನು ಮಾಡಿಕೊಂಡೆ.

ಜೊತೆಗೆ ಬರುವ ಸ್ಥಾನಬೆಲೆಯ ಹಾಳೆಯೂ ನಮಗೆ ಉಪಯೋಗಕ್ಕೆ ಬಾರದು. ಅದರಲ್ಲಿರುವುದು ಸಾವಿರ, ನೂರು, ಹತ್ತು, ಬಿಡಿ ಎಂಬ ನಾಲ್ಕು ಕಂಬಗಳು, ಅವೂ ಇಂಗ್ಲಿಷಿನಲ್ಲಿ. ಡ್ರಾಯಿಂಗ್ ಶೀಟಿನ ಮೇಲೆ ಹೊಸದಾಗಿ ಗೆರೆ ಎಳೆದು, ದಶಮಾಂಶ ಬಿಂದುವಿಗೆ ಕೆಂಪು ಗುಂಡಿಯೊಂದನ್ನು ಅಂಟಿಸಿದೆ.

ಹೆಸರುಗಳ ತೊಡಕು ಇದಕ್ಕಿಂತ ದೊಡ್ಡದು, ಅದಕ್ಕೆ ಪೆಟ್ಟಿಗೆಯನ್ನಷ್ಟೇ ದೂರುವಂತಿಲ್ಲ. ಮೂರನೆಯ ತರಗತಿಯಿಂದ ಹಲಗೆಯನ್ನು ‘ನೂರು’ ಎಂದೂ ಸಣ್ಣ ಘನವನ್ನು ‘ಬಿಡಿ’ ಎಂದೂ ಕರೆದು ರೂಢಿಯಾದ ಮಗುವಿಗೆ ಈಗ ಹಲಗೆಯೇ ಒಂದು ಎಂದರೆ ಅದು ಯಾವುದನ್ನು ನಂಬಬೇಕು? ನಾನು ‘ಬಿಡಿ’ ಎಂಬ ಮಾತನ್ನು ಪೂರ್ತಿ ಕೈಬಿಟ್ಟು, ಸಣ್ಣ ಘನಕ್ಕೆ ‘ಕಾಳು’ ಎಂದು ಹೆಸರಿಟ್ಟೆ. ಹಲಗೆಯನ್ನು ಒಂದು ತಟ್ಟೆ ಕೊಬ್ಬರಿ ಮಿಠಾಯಿ ಎಂದುಕೊಂಡೆವು. ಉದ್ದುದ್ದ ಹತ್ತು ಪಟ್ಟಿ ಕೊಯ್ದು, ಪ್ರತಿ ಪಟ್ಟಿಯನ್ನು ಮತ್ತೆ ಹತ್ತಾಗಿ ಕೊಯ್ಯುವುದನ್ನು ಅವರು ಮನೆಯಲ್ಲಿ ಕಂಡಿದ್ದಾರೆ. ದಶಕ, ದಶಾಂಶ, ದಶಮಾಂಶ ಎಂಬ ಮೂರು ಪದಗಳಂತೂ ಓದಿನಲ್ಲಿಯೂ ತೊಡಕಿರುವ ಮಗುವಿನ ಕಿವಿಗೆ ಒಂದೇ ಆಗಿ ಬೀಳುತ್ತವೆ. ‘ಹತ್ತನೇ ಪಾಲು’, ‘ನೂರನೇ ಪಾಲು’ ಎಂದರೆ ನಾಲಿಗೆಗೂ ಸುಲಭ, ಅರ್ಥವೂ ಆ ಮಾತಿನಲ್ಲಿಯೇ ಇದೆ. 3.45 ಅನ್ನು ‘ಮೂರು ಪಾಯಿಂಟ್ ನಲವತ್ತೈದು’ ಎಂದು ಓದುವುದನ್ನೂ ನಿಲ್ಲಿಸಿದೆ, ಏಕೆಂದರೆ ಹಾಗೆ ಓದಿದ ಮಗುವಿಗೆ 3.5 ಅದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಇಷ್ಟೆಲ್ಲ ದುಡ್ಡು ಏಕೆ, ರೂಪಾಯಿ-ಪೈಸೆಯಲ್ಲಿ ಕಲಿಸಬಹುದಲ್ಲ ಎಂದು ಒಬ್ಬರು ಅಜ್ಜ ಕೇಳಿದರು. ಅವರ ಕಾಲಕ್ಕೆ ಅದು ಸರಿ; 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ರೂಪಾಯಿಗೆ ನೂರು ನಯಾ ಪೈಸೆ ಬಂದ ಮೇಲೆ ಇಡೀ ದೇಶವೇ ದಶಮಾಂಶವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿತು. ಆದರೆ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ನನ್ನ ನಾಲ್ವರಲ್ಲಿ ಯಾರೂ ಪೈಸೆಯನ್ನು ಕೈಯಲ್ಲಿ ಹಿಡಿದವರಲ್ಲ. ಅಂಗಡಿಯವರು ಚಿಲ್ಲರೆ ಎಣಿಸಿಕೊಡುವ ಕ್ರಮವನ್ನು ಮಾತ್ರ ಎರವಲು ಪಡೆದೆ: 2.37ಕ್ಕೆ 0.03 ಸೇರಿಸಿದರೆ 2.40, ಅದಕ್ಕೆ 0.6 ಸೇರಿಸಿದರೆ ಮೂರು, ಮತ್ತೆರಡು ಸೇರಿಸಿದರೆ ಐದು; ಸೇರಿಸಿದ್ದೆಲ್ಲ ಒಟ್ಟು 2.63, ಅದೇ ಉತ್ತರ. ಒಡೆಯುವ ಗೋಜೇ ಇಲ್ಲದ ಈ ದಾರಿ ಒಬ್ಬಳಿಗೆ ಘನಗಳಿಗಿಂತ ಬೇಗ ಹಿಡಿಸಿತು.

ಪ್ಲಾಸ್ಟಿಕ್ ಗಟ್ಟಿಯಾಗಿದೆ, ಅಂಚುಗಳು ಚುಚ್ಚುವುದಿಲ್ಲ, ಗೆರೆಗಳು ಬೆರಳಿಗೆ ಸಿಗುವಷ್ಟು ಆಳವಾಗಿವೆ. ಡಬ್ಬದ ಮುಚ್ಚಳ ಎರಡನೆಯ ತಿಂಗಳಲ್ಲೇ ಸೀಳಿತು. ಕೊಳ್ಳುವವರು ಚೌಕುಳಿ ಗೆರೆಯ ನೋಟ್‌ಬುಕ್ಕನ್ನೂ ಜೊತೆಗೇ ತರಬೇಕು, ಏಕೆಂದರೆ ಕೈ ಮಾಡಿದ ಪ್ರತಿಯೊಂದು ಬದಲಾವಣೆಯನ್ನು ಆ ಕ್ಷಣವೇ ಒಂದು ಚೌಕಕ್ಕೆ ಒಂದು ಅಂಕಿಯಂತೆ ಬರೆಯದಿದ್ದರೆ ಘನಗಳ ಆಟ ಆಟವಾಗಿಯೇ ಉಳಿಯುತ್ತದೆ. ನಾನು ಮೊದಲ ತಿಂಗಳು ಈ ತಪ್ಪನ್ನೇ ಮಾಡಿದೆ. ಒಂಬೈನೂರು ರೂಪಾಯಿ ಭಾರವೆನಿಸುವವರು ಗ್ರಾಫ್ ಹಾಳೆಯಲ್ಲಿ ಹತ್ತು ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿಕೊಂಡರೂ ನಡೆಯುತ್ತದೆ. ಅದಕ್ಕೊಂದು ಹೆಚ್ಚುಗಾರಿಕೆಯೂ ಇದೆ, ಹಲಗೆಯನ್ನು ಕೊಟ್ಟು ಕಡ್ಡಿ ಪಡೆಯುವ ಬದಲು ಮಗು ಕತ್ತರಿ ಹಿಡಿದು ನಿಜವಾಗಿಯೇ ಹತ್ತು ಪಟ್ಟಿ ಮಾಡಬಹುದು. ನನ್ನ ನಾಲ್ವರಲ್ಲಿ ಒಬ್ಬ ಹುಡುಗ ಘನಗಳಿಂದ ಮನೆ ಕಟ್ಟುತ್ತಲೇ ಇದ್ದ. ಈಗ ಅವನಿಗೆ ವಾರಕ್ಕೆ ಹನ್ನೆರಡು ಗ್ರಾಫ್ ಹಾಳೆ ಬೇಕಾಗುತ್ತವೆ.