ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಮನೋವಿಜ್ಞಾನ ಕೋರ್ಸು: ಮುಗಿಸಿ ಎರಡು ವರ್ಷಗಳಾದ ಮೇಲೆ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕಣಿವೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಶುಲ್ಕದ, ಎರಡು ವರ್ಷಗಳ ಓದಿನ ಸರ್ಕಾರಿ ಕಾಲೇಜು) 2023ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮನೋವಿಜ್ಞಾನದ ಪ್ರಾರಂಭಿಕ ಕೋರ್ಸನ್ನು ನಾನು ಪೂರ್ತಿಯಾಗಿ ಆನ್‌ಲೈನ್‌ನಲ್ಲೇ ಓದಿದೆ. ಕೋರ್ಸು ಮುಗಿದ ವಾರವೇ ಬರೆಯುವ ವಿಮರ್ಶೆಗಳಲ್ಲಿ ಅಂಕ ಬಂದ ಸಂತೋಷವೋ ಬಾರದ ಸಿಟ್ಟೋ ಎದ್ದು ಕಾಣುತ್ತದೆ. ಹಾಗಾಗಿ ಬೇಕೆಂದೇ ತಡಮಾಡಿ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಸಂಗಾತಿಯ ಉದ್ಯೋಗ ವೀಸಾವನ್ನು ಅವಲಂಬಿಸುವ ಎಚ್-4 ವೀಸಾದ ಮೇಲೆ ಇಲ್ಲಿಗೆ ಬಂದ ನನಗೆ ನರ್ಸಿಂಗ್ ಓದಬೇಕೆಂಬ ಆಸೆಯಿತ್ತು. ಅದಕ್ಕೆ ಅರ್ಜಿ ಹಾಕುವ ಮೊದಲು ಮುಗಿಸಬೇಕಾದ ಪಟ್ಟಿಯಲ್ಲಿ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳ ಪಕ್ಕದಲ್ಲಿ ಇದೂ ಇತ್ತು. ಎಲ್ಲಕ್ಕಿಂತ ಸುಲಭದ್ದೆಂದು ಭಾವಿಸಿ ಇದರಿಂದಲೇ ಆರಂಭಿಸಿದೆ. ಆ ಭಾವನೆ ಮೊದಲ ಪರೀಕ್ಷೆಯವರೆಗೆ ಮಾತ್ರ ಉಳಿಯಿತು.

ಶುಲ್ಕದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ಕೇಳುವವರೆಲ್ಲ ಮೊದಲು ಕೇಳುವುದು ಅದನ್ನೇ. ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕೋರ್ಸಿನ ಗಾತ್ರವನ್ನು ಅಳೆಯುವ ಮಾನ) 46 ಡಾಲರ್; ಇದು ಮೂರು ಯೂನಿಟ್‌ಗಳ ಕೋರ್ಸಾದ್ದರಿಂದ 138 ಡಾಲರ್, ಜೊತೆಗೆ ಆರೋಗ್ಯ ಸೇವೆ ಮುಂತಾದ ಸಣ್ಣಪುಟ್ಟ ಶುಲ್ಕಗಳು. ನಿವಾಸಿ ಎನ್ನಿಸಿಕೊಳ್ಳಬೇಕಾದರೆ ಅವಧಿ (ಸೆಮಿಸ್ಟರ್) ಆರಂಭವಾಗುವುದಕ್ಕೆ ಮುಂಚೆ ಒಂದು ವರ್ಷ ಒಂದು ದಿನ ರಾಜ್ಯದಲ್ಲಿ ನೆಲೆಸಿರಬೇಕು, ಇಲ್ಲವಾದರೆ ಇದೇ ಕೋರ್ಸಿಗೆ ಹಲವು ಪಟ್ಟು ಹಣ ತೆರಬೇಕಾಗುತ್ತದೆ. ನಾನು ಬಂದದ್ದು 2022ರ ಜುಲೈನಲ್ಲಿ. 2023ರ ಜನವರಿಯಲ್ಲೇ ಸೇರಿಬಿಡೋಣವೆಂಬ ಆತುರವಿದ್ದರೂ ಒಂದು ಅವಧಿ ಕಾದು, ಬಾಡಿಗೆ ಕರಾರು, ರಾಜ್ಯ ತೆರಿಗೆಯ ಪತ್ರ, ಡ್ರೈವಿಂಗ್ ಲೈಸೆನ್ಸ್‌ಗಳನ್ನು ಕೂಡಿಸಿಕೊಂಡು ಆಗಸ್ಟ್‌ಗೆ ಸೇರಿದೆ. ಆ ತಾಳ್ಮೆಯಿಂದ ಉಳಿದ ಹಣದಲ್ಲಿ ಮುಂದಿನ ಮೂರು ಕೋರ್ಸುಗಳ ಶುಲ್ಕ ಕಟ್ಟಿದ್ದೇನೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರ ಲೆಕ್ಕ ಬೇರೆ: ಅವರ ಪೂರ್ಣಾವಧಿ ಓದಿಗೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸು ಪರಿಗಣನೆಗೆ ಬರುತ್ತದೆ.

ಪಠ್ಯಪುಸ್ತಕಕ್ಕೆ ಒಂದು ಡಾಲರೂ ಖರ್ಚಾಗಲಿಲ್ಲ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಉಚಿತವಾಗಿ ಪ್ರಕಟಿಸಿರುವ, 16 ಅಧ್ಯಾಯಗಳ ಪುಸ್ತಕವನ್ನೇ ನಮ್ಮ ಬೋಧಕರು ಗೊತ್ತುಮಾಡಿದ್ದರು. ನೋಂದಣಿ ಮಾಡುವಾಗ ತರಗತಿಗಳ ಪಟ್ಟಿಯಲ್ಲಿ ಪುಸ್ತಕದ ವೆಚ್ಚ ಶೂನ್ಯ ಎಂಬ ಗುರುತು ಇರುವವನ್ನು ಹುಡುಕಿ ಆರಿಸುವುದು ಒಳ್ಳೆಯದು, ಇಲ್ಲವಾದರೆ ಪುಸ್ತಕದ ಬೆಲೆ ಕೋರ್ಸಿನ ಶುಲ್ಕವನ್ನೇ ಮೀರಿಸುವುದುಂಟು.

ಕೋರ್ಸು ನಡೆದದ್ದು ಕ್ಯಾನ್ವಾಸ್ ಎಂಬ ಜಾಲತಾಣದಲ್ಲಿ. ಇಂಥ ಹೊತ್ತಿಗೆ ಕೂತು ಕೇಳಬೇಕೆಂಬ ಪಾಠ ಒಂದೂ ಇಲ್ಲ. ಸೋಮವಾರ ಬೆಳಿಗ್ಗೆ ಆ ವಾರದ ಘಟಕ ತೆರೆಯುತ್ತದೆ. ಒಂದು ಅಧ್ಯಾಯ, ಬೋಧಕರ ಎರಡು ಮೂರು ಸಣ್ಣ ವಿಡಿಯೋಗಳು, ಒಂದು ಕ್ವಿಜ್, ಒಂದು ಚರ್ಚೆ. ಎಲ್ಲಕ್ಕೂ ಗಡುವು ಭಾನುವಾರ ರಾತ್ರಿ 11:59. ಮೂರು ಯೂನಿಟ್ ಎಂದರೆ ಇಡೀ ಅವಧಿಗೆ ಕನಿಷ್ಠ 144 ಗಂಟೆಗಳ ಕೆಲಸವೆಂಬುದು ಇಲ್ಲಿನ ಲೆಕ್ಕ, ಅಂದರೆ ವಾರಕ್ಕೆ 9 ಗಂಟೆ. ನಾನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡ ಪ್ರಕಾರ ನನಗೆ ಹಿಡಿದದ್ದು 11 ಗಂಟೆ. ವಿಡಿಯೋ ನೋಡಿದರೆ ಪಾಠ ಆಯಿತೆಂದು ತಿಳಿದವರಿಗೆ ಈ ಕೋರ್ಸು ಒಗ್ಗುವುದಿಲ್ಲ, ಇದು ಮೂಲತಃ ಓದುವ ಕೋರ್ಸು. ಇನ್ನೊಂದು ಎಚ್ಚರಿಕೆ: ಮೊದಲ ವಾರದ ಪರಿಚಯದ ಬರಹವನ್ನು ಸಲ್ಲಿಸದಿದ್ದರೆ ಬೋಧಕರು ನಮ್ಮ ಹೆಸರನ್ನು ತೆಗೆದು, ಕಾಯುವ ಪಟ್ಟಿಯಲ್ಲಿರುವವರಿಗೆ ಜಾಗ ಕೊಡಬಹುದು. ಹಣ ಕಟ್ಟಿದ್ದೇವಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಮೊದಲ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ 68. ಅಧ್ಯಾಯಗಳನ್ನು ಮೂರು ಮೂರು ಸಲ ಓದಿದ್ದೆ, ಹಳದಿ ಬಣ್ಣ ಬಳಿಯದ ಸಾಲು ಪುಟದಲ್ಲಿ ಉಳಿದಿರಲಿಲ್ಲ. ಸ್ಮರಣೆಯ ಅಧ್ಯಾಯ ಬಂದಾಗ ನನ್ನ ತಪ್ಪು ಏನೆಂದು ಪಠ್ಯವೇ ಹೇಳಿತು. 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಮರೆವು ಎಷ್ಟು ಬೇಗ ಆವರಿಸುತ್ತದೆಂದು ಅಳೆದದ್ದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ ಒಂದು ವಾರದ ನಂತರ ಪುಸ್ತಕ ಮುಚ್ಚಿ ನೆನಪಿಸಿಕೊಂಡವರೇ ಮುಂದಾದರೆಂದು ತೋರಿಸಿದ್ದು. ಇವೆರಡನ್ನೂ ಓದುವಾಗ ನನಗೆ ನೆನಪಾದದ್ದು ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಮುಂದೆ ನಿಂತು ಮಗ್ಗಿ ಒಪ್ಪಿಸುತ್ತಿದ್ದ ದಿನಗಳು. ತಡವರಿಸಿದರೆ ಅಜ್ಜ ಉತ್ತರ ಹೇಳಿಕೊಡುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲೇ ಕಲಿಕೆ ಇತ್ತೆಂದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು. ಅಂದಿನಿಂದ ಬಣ್ಣದ ಪೆನ್ನು ಬಿಟ್ಟು, ಪ್ರತಿ ವಿಭಾಗ ಮುಗಿದ ಮೇಲೆ ಪುಸ್ತಕ ಮುಚ್ಚಿ, ಮಗಳ ಸ್ಲೇಟಿನ ಮೇಲೆ ನೆನಪಿದ್ದಷ್ಟನ್ನು ಬರೆದು, ಆಮೇಲೆ ತೆರೆದು ನೋಡುವ ಅಭ್ಯಾಸ ಮಾಡಿಕೊಂಡೆ. ಮುಂದಿನ ಪರೀಕ್ಷೆಗಳಲ್ಲಿ ಅಂಕ 90ರ ಕೆಳಗೆ ಇಳಿಯಲಿಲ್ಲ. ಬರೀ ಕಂಠಪಾಠ ಸಾಕೆಂದು ಇದರ ಅರ್ಥವಲ್ಲ: ಇಲ್ಲಿನ ಪ್ರಶ್ನೆಗಳು ವ್ಯಾಖ್ಯೆಯನ್ನು ಕೇಳುವುದಿಲ್ಲ, ಒಂದು ಸನ್ನಿವೇಶ ಕೊಟ್ಟು ಅಲ್ಲಿ ಯಾವ ತತ್ತ್ವ ಕೆಲಸ ಮಾಡುತ್ತಿದೆಯೆಂದು ಕೇಳುತ್ತವೆ.

ಚರ್ಚೆಯ ವಿಭಾಗವೇ ಈ ಕೋರ್ಸಿನ ಅತ್ಯಂತ ಬಡವಾದ ಭಾಗ. ಬುಧವಾರದೊಳಗೆ ಒಂದು ಬರಹ, ಭಾನುವಾರದೊಳಗೆ ಇಬ್ಬರಿಗೆ ಉತ್ತರ ಎಂಬ ನಿಯಮವಿರುವುದರಿಂದ ಬಹುತೇಕರು ನಿಯಮ ಪೂರೈಸಲೆಂದೇ ಬರೆಯುತ್ತಿದ್ದರು. ನಿಮ್ಮ ಮಾತನ್ನು ಒಪ್ಪುತ್ತೇನೆ, ತುಂಬಾ ಚೆನ್ನಾಗಿ ಬರೆದಿದ್ದೀರಿ ಎಂಬಷ್ಟರಲ್ಲಿ ಉತ್ತರ ಮುಗಿಯುತ್ತಿತ್ತು. ಕೆಲವು ಬರಹಗಳನ್ನು ಯಂತ್ರವೇ ಬರೆದುಕೊಟ್ಟಿದೆಯೆಂಬುದು ಓದಿದ ಕೂಡಲೇ ಗೊತ್ತಾಗುತ್ತಿತ್ತು. ಆದರೆ ಒಂದು ವಾರ ಮಾತ್ರ ಬೇರೆಯಾಗಿತ್ತು. ಮಗುವಿನ ಬಾಂಧವ್ಯವನ್ನು ಕುರಿತ ಮೇರಿ ಐನ್ಸ್‌ವರ್ತ್ ಅವರ ಪ್ರಯೋಗದಲ್ಲಿ ತಾಯಿ ಕೋಣೆಯಿಂದ ಹೊರಗೆ ಹೋದಾಗ, ಮತ್ತೆ ಬಂದಾಗ ಮಗು ಹೇಗೆ ವರ್ತಿಸುತ್ತದೆಂದು ಗಮನಿಸಿ, ಅದರ ಬಾಂಧವ್ಯ ಯಾವ ಬಗೆಯದೆಂದು ವಿಂಗಡಿಸುತ್ತಾರೆ. ಮಂಡ್ಯದ ನಮ್ಮ ತವರಿನಲ್ಲಿ ತಾಯಿ ಹೊರಗೆ ಹೋದರೆ ಮಗು ಅಜ್ಜಿಯ ಸೊಂಟದಿಂದ ದೊಡ್ಡಮ್ಮನ ಸೊಂಟಕ್ಕೆ ಹೋಗುತ್ತದೆಯೇ ಹೊರತು ಅಳುವುದಕ್ಕೆ ಅದಕ್ಕೆ ಪುರಸೊತ್ತೇ ಸಿಗುವುದಿಲ್ಲ, ಅಂಥ ಮಗುವನ್ನು ಈ ಅಳತೆಗೋಲಿನಲ್ಲಿ ಯಾವ ಬಗೆಗೆ ಸೇರಿಸುತ್ತೀರಿ ಎಂದು ಬರೆದೆ. ಬೋಧಕರು ಹೊಗಳಲಿಲ್ಲ. ಐನ್ಸ್‌ವರ್ತ್ ಬಾಲ್ಟಿಮೋರ್‌ನಲ್ಲಿ ಈ ಪ್ರಯೋಗ ರೂಪಿಸುವ ಮುಂಚೆ 1950ರ ದಶಕದಲ್ಲಿ ಉಗಾಂಡಾದ ಮನೆಗಳಿಗೆ ಹೋಗಿ ತಾಯಿ-ಮಕ್ಕಳನ್ನು ನೋಡುತ್ತ ಕುಳಿತಿದ್ದರೆಂದು ತಿಳಿಸಿ, ಅಲ್ಲಿಯೂ ಮಗುವನ್ನು ಹಲವರು ಎತ್ತಿಕೊಳ್ಳುತ್ತಿದ್ದಾಗ ಅವರು ಏನನ್ನು ಗಮನಿಸಿರಬಹುದೆಂದು ಮರುಪ್ರಶ್ನೆ ಹಾಕಿದರು. ನಾನು ಗ್ರಂಥಾಲಯದ ಡೇಟಾಬೇಸ್ ತೆರೆದದ್ದು ಆ ರಾತ್ರಿಯೇ ಮೊದಲು. ಒಬ್ಬ ಬೋಧಕರು ಬರೆದ ನಾಲ್ಕು ಸಾಲಿಗೆ ಎಷ್ಟು ಬಲವಿದೆಯೆಂಬುದನ್ನು ನೆನೆದರೆ, ಉಳಿದ ಹದಿನೈದು ವಾರಗಳಲ್ಲಿ ಅಂಥದ್ದು ಮತ್ತೆ ಎರಡೇ ಸಲ ನಡೆದದ್ದು ಕೊರತೆಯೆಂದೇ ಹೇಳಬೇಕು.

ಪರೀಕ್ಷೆಯ ವ್ಯವಸ್ಥೆಯ ಬಗ್ಗೆ ನನ್ನ ದೂರು ಇನ್ನೂ ಹಾಗೆಯೇ ಇದೆ. ಎರಡು ದೊಡ್ಡ ಪರೀಕ್ಷೆಗಳನ್ನು ಕ್ಯಾಮೆರಾ ಮತ್ತು ಮೈಕ್ ತೆರೆದಿಟ್ಟು, ಕಾವಲು ತಂತ್ರಾಂಶವೊಂದರ ಕಣ್ಣೆದುರಿಗೆ ಬರೆಯಬೇಕಿತ್ತು. ಪರೀಕ್ಷೆಗೆ ಮುಂಚೆ ಲ್ಯಾಪ್‌ಟಾಪನ್ನು ಎತ್ತಿ ಕೋಣೆಯ ನಾಲ್ಕು ಮೂಲೆಗಳನ್ನೂ ಮೇಜಿನ ಅಡಿಯನ್ನೂ ತೋರಿಸಬೇಕು. ನಮ್ಮ ಮನೆಯಲ್ಲಿ ಓದಲು ಪ್ರತ್ಯೇಕ ಕೋಣೆಯಿಲ್ಲದ್ದರಿಂದ ಒಣಗಲು ಹಾಕಿದ ಬಟ್ಟೆಗಳನ್ನೂ ತೋರಿಸಿದ್ದಾಯಿತು. ಕಷ್ಟದ ಪ್ರಶ್ನೆಯನ್ನು ಪಿಸುಮಾತಿನಲ್ಲಿ ಕನ್ನಡಕ್ಕೆ ತಂದುಕೊಂಡು ಯೋಚಿಸುವುದು ನನ್ನ ರೂಢಿ. ಅಂದು ಅದರ ಮೇಲೆ, ಆಗತಾನೆ ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಬಾಗಿಲು ಸರಿಸಿ, "ಇನ್ನೂ ಆಗ್ಲಿಲ್ವೇನಮ್ಮಾ? ಕಾಫಿ ಆರೋಗ್ತಾ ಅದೆ" ಎಂದರು. ತುಟಿಯ ಚಲನೆ, ಇನ್ನೊಬ್ಬ ವ್ಯಕ್ತಿಯ ಧ್ವನಿ ಎಂಬ ಎರಡು ಆಕ್ಷೇಪಗಳೊಂದಿಗೆ ನನ್ನ ಅಂಕವನ್ನು ಒಂಬತ್ತು ದಿನ ತಡೆಹಿಡಿಯಲಾಯಿತು. ಕೊನೆಗೆ ಬೋಧಕರು ಝೂಮ್‌ನಲ್ಲಿ ಕರೆದು ಐದಾರು ಪ್ರಶ್ನೆಗಳನ್ನು ಬಾಯಿಯಲ್ಲೇ ಕೇಳಿ ಅಂಕವನ್ನು ಬಿಡುಗಡೆ ಮಾಡಿದರು. ಅವರ ನಡೆ ನ್ಯಾಯವಾಗಿತ್ತು, ಆದರೆ ಆ ಒಂಬತ್ತು ದಿನ ಅತ್ತೆಯವರು ತಮ್ಮಿಂದಲೇ ಸೊಸೆ ಫೇಲಾದಳೆಂದು ಕೊರಗುತ್ತಿದ್ದುದಕ್ಕೆ ತಂತ್ರಾಂಶದಲ್ಲಿ ಯಾವ ಪರಿಹಾರವೂ ಇರಲಿಲ್ಲ. ಈಗ ಸೇರುವವರು ಕಾಲೇಜಿನ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವ ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳಲಿ.

ಪಠ್ಯವಸ್ತುವಿನ ಬಗ್ಗೆ ಎರಡು ಮಾತು. 1971ರ ಆಗಸ್ಟ್‌ನಲ್ಲಿ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ವಿದ್ಯಾರ್ಥಿಗಳಿಗೆ ಕೈದಿ, ಕಾವಲುಗಾರರ ಪಾತ್ರ ಕೊಟ್ಟು ನಡೆಸಿದ ಕಾರಾಗೃಹ ಪ್ರಯೋಗ ನಡೆದದ್ದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಸ್ಟ್ಯಾನ್‌ಫರ್ಡ್‌ನ ನೆಲಮಾಳಿಗೆಯಲ್ಲಿ. ಎರಡು ವಾರಕ್ಕೆಂದು ಯೋಜಿಸಿದ್ದು ಆರೇ ದಿನಕ್ಕೆ ನಿಂತುಹೋಯಿತು. ಕೋರ್ಸು ಇದನ್ನು ರೋಚಕ ಕಥೆಯಾಗಿ ಹೇಳಿ ಬಿಡದೆ, ಕಾವಲುಗಾರರ ಪಾತ್ರದವರಿಗೆ ಮೊದಲೇ ಸೂಚನೆಗಳು ಸಿಕ್ಕಿದ್ದವೆಂಬ ಟೀಕೆಯನ್ನೂ ಮುಂದಿಟ್ಟಿತು. 2015ರಲ್ಲಿ 100 ಮನೋವಿಜ್ಞಾನ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು ಶೇಕಡ 36ರಷ್ಟರಲ್ಲಿ ಮಾತ್ರ ಗಮನಾರ್ಹ ಫಲಿತಾಂಶ ಮರಳಿ ದೊರಕಿತೆಂಬುದನ್ನೂ ಮುಚ್ಚಿಡಲಿಲ್ಲ. ಇತಿಹಾಸದ ಭಾಗ ಮಾತ್ರ 1879ರ ಜರ್ಮನಿಯ ಲೈಪ್‌ಜಿಗ್‌ನ ವುಂಟ್ ಅವರ, ಈ ಶಾಸ್ತ್ರದ ಮೊದಲನೆಯದೆನ್ನುವ ಪ್ರಯೋಗಾಲಯದಿಂದ ನೇರವಾಗಿ ಅಮೆರಿಕಕ್ಕೆ ಹಾರುತ್ತದೆ, ನಡುವೆ ಏಷ್ಯಾದ ಸುಳಿವಿಲ್ಲ. ಬುದ್ಧಿಶಕ್ತಿಯ ಅಧ್ಯಾಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಹೆಸರು ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು, ಏಕೆಂದರೆ ಲಂಡನ್ನಿನಲ್ಲಿ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು. 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಬಿತ್ತರಿಸಿ ಆಕಾಶವಾಣಿ ಎಂದು ಕರೆದವರೂ ಅವರೇ.

ಎರಡು ವರ್ಷಗಳ ನಂತರ ಉಳಿದಿರುವುದೇನು? ಮಿದುಳಿನ ಭಾಗಗಳ ಹೆಸರುಗಳಲ್ಲಿ ಅರ್ಧ ಮರೆತಿವೆ. ಅಂಗರಚನಾಶಾಸ್ತ್ರದಲ್ಲಿ ಅವನ್ನು ಮತ್ತೆ ಓದಬೇಕಾಯಿತು. ಕಲಿಕೆಯ ಅಧ್ಯಾಯ ಮಾತ್ರ ದಿನನಿತ್ಯ ಕೆಲಸಕ್ಕೆ ಬರುತ್ತಿದೆ. ಅಂಗಡಿಯಲ್ಲಿ ಹಟ ಹಿಡಿದು ಅಳುವ ಮಗಳ ಕೈಗೆ ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ. ಅತ್ತರೆ ಮೊಬೈಲ್ ಸಿಗುತ್ತದೆಂದು ಅವಳು ಕಲಿಯುತ್ತಾಳೆ. ಕೊಟ್ಟರೆ ಗದ್ದಲ ತಪ್ಪುತ್ತದೆಂದು ನಾನೂ ಕಲಿಯುತ್ತೇನೆ. ಋಣಾತ್ಮಕ ಪುನರ್ಬಲನವೆಂದರೆ ಶಿಕ್ಷೆಯಲ್ಲ, ಹಿತವಲ್ಲದ್ದೊಂದು ತೊಲಗುವುದರಿಂದ ವರ್ತನೆ ಗಟ್ಟಿಯಾಗುವುದು, ಎಂಬ ಪಾಠಕ್ಕೆ ನನಗಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲೂ ಇಲ್ಲ. ಗೊತ್ತಿದ್ದೂ ವಾರಕ್ಕೆ ಎರಡು ಸಲ ಕೊಡುತ್ತೇನೆ.

ಅವಧಿ ಮುಗಿದ ಕೆಲವೇ ವಾರಗಳಲ್ಲಿ ಕೋರ್ಸಿನ ಪುಟ ನನಗೆ ಮುಚ್ಚಿಹೋಯಿತು. ಕ್ವಿಜ್‌ಗಳು, ಬೋಧಕರ ವಿಡಿಯೋಗಳು, ಉಗಾಂಡಾದ ಬಗ್ಗೆ ಅವರು ಬರೆದ ಆ ನಾಲ್ಕು ಸಾಲು, ಎಲ್ಲವೂ ಅದರೊಂದಿಗೇ ಹೋದವು. ಬೇಕಾದ್ದನ್ನು ಡಿಸೆಂಬರ್‌ಗೆ ಮುಂಚೆಯೇ ಇಳಿಸಿಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಚರ್ಚೆಯ ವಿಭಾಗದ್ದು, ಇನ್ನರ್ಧ ಕ್ಯಾಮೆರಾದ್ದು. 2025ರ ಶರತ್ಕಾಲದಿಂದ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಈ ಕೋರ್ಸಿಗೆ ಸಿ1000 ಎಂಬ ಸಮಾನ ಸಂಖ್ಯೆ ಬಂದಿರುವುದರಿಂದ, ಬೇರೆ ಊರಿನ ಕಾಲೇಜಿನ ಆನ್‌ಲೈನ್ ತರಗತಿಯನ್ನು ಹುಡುಕುವುದು ನನ್ನ ಕಾಲಕ್ಕಿಂತ ಸುಲಭವಾಗಿದೆ. ಹುಡುಕುವಾಗ ಇದೇ ಕೋರ್ಸನ್ನು ಎಂಟು ವಾರಕ್ಕೆ ಇಳಿಸಿದ ತರಗತಿಗಳೂ ಕಣ್ಣಿಗೆ ಬೀಳುತ್ತವೆ. ಅಲ್ಲಿ ವಾರಕ್ಕೆ ಎರಡು ಅಧ್ಯಾಯ, ಹದಿನೆಂಟು ಗಂಟೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಹದಿನಾರು ವಾರಗಳದ್ದಕ್ಕೇ ಸೇರಲಿ.